ಬಿಸಿಲಿಗೆ ಹಿಡಿದು ನೋಡ್ರಿ

16 ಏಪ್ರಿಲ್ 2007, ಸೋಮವಾರ

ಮೇಷ್ಟ್ರುಗಳ ಬೇಸಿಗೆ ರಜೆಯ ಮೇಲೆ ಯಾರ ಕಣ್ಣು ಬಿತ್ತೋ. ಜೂನ್‌ನಿಂದ ಸರ್ಕಾರಿ ಶಾಲೆಯ ಒಂದನೇ ತರಗತಿಗೇ ಇಂಗ್ಲಿಷ್ ಬರುತ್ತದಂತೆ, ಮಕ್ಕಳಿಗೆ ಕಲಿಸುವ ಮೊದಲು ನಮಗೆ ಕಲಿಸುತ್ತಾರಂತೆ. ತೆಲಿಗಿಯಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಹರಪನಹಳ್ಳಿಗೆ ಹೋದೆ. ನೀಲಗುಂದದ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಗಂಟಲು ಗಟ್ಟಿ ಮಾಡಿಕೊಂಡ ಈ ಪಾಲಾಕ್ಷ ಮೇಷ್ಟ್ರು, ಮೂವತ್ತಮೂರು ವರ್ಷದ ಗಂಡಸು, ಇವತ್ತು ಬೆಂಚಿನ ಮೇಲೆ ಕೂತು ಕಿರುಬೆರಳು ಎತ್ತಿ ಹೊರಗೆ ಹೋಗಲು ಅಪ್ಪಣೆ ಕೇಳಿದ. ಕೊಡಲಿಲ್ಲ.

ಕಲಿಸುವವರು ಶಿವಬಸಮ್ಮ ಮೇಡಂ. ಮಾತು ಮೆತ್ತಗೆ, ಕನ್ನಡಕದ ಮೇಲಿಂದ ನೋಡುವ ನೋಟ ಮೆತ್ತಗಿಲ್ಲ. ಮಧ್ಯಾಹ್ನ ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ಒಬ್ಬೊಬ್ಬರಿಗೆ ಒಂದೊಂದು ಇಂಗ್ಲಿಷ್ ನಾಮಪದ. ಅದಕ್ಕೆ ಏನೇನು ಅರ್ಥ, ಅದು ಎಲ್ಲಿಂದ ಹುಟ್ಟಿ ಬಂತು, ಮಕ್ಕಳಿಗೆ ಹೇಗೆ ಹೇಳುತ್ತೀರಿ ಎಂದು ಮೇ ಮೂರರಂದು ಎಲ್ಲರೆದುರು ನಿಂತು ಹೇಳಬೇಕು. ನನ್ನ ಪಕ್ಕದಲ್ಲಿ ಕೂತ ಗೆಳೆಯ ಫಿರೋಜನಿಗೆ ‘ಸ್ಪ್ರಿಂಗ್’ ಬಂತು, ಅವನು ತಲೆ ಮೇಲೆ ಕೈ ಹೊತ್ತ. ನನಗೆ ‘ಮ್ಯಾಚ್’. ನಾನು ಬೆಂಚಿನ ಕೆಳಗೇ ಕಾಲು ಕುಣಿಸಿದೆ. ಇಷ್ಟು ಸುಲಭದ ಚೀಟಿ ನನ್ನ ಹಣೆಯಲ್ಲಿ ಹಿಂದೆಂದೂ ಬರೆದಿರಲಿಲ್ಲ.

ಮನೆಗೆ ಬಂದರೆ ಅವ್ವನದು ಬೇರೆಯೇ ಪರೀಕ್ಷೆ. ಕೊಟ್ಟೂರಿನಲ್ಲಿ ಒಂದು ಹೆಣ್ಣು ಇದೆಯಂತೆ, ಮೇ ಆರು ಭಾನುವಾರ ನೋಡಲು ಹೋಗಬೇಕಂತೆ. ಒಪ್ಪಿಗೆಯಾದರೆ ಅವತ್ತೇ ಸೀರೆ ಕೊಟ್ಟು ಹೂ ಮುಡಿಸಿ ಬರುವುದಂತೆ. ಹಿಂದೆ ನೋಡಿದ ಕಡೆಯವರೆಲ್ಲ ಒಂದಿಲ್ಲೊಂದು ನೆಪ ಹೇಳಿ ಜಾರಿಕೊಂಡಿದ್ದಾರೆ. ನನ್ನ ಮದುವೆ ಗಟ್ಟಿಯಾಗುವ ತನಕ ಸಕ್ಕರೆ ಮುಟ್ಟುವುದಿಲ್ಲ ಎಂದು ಅವ್ವ ಹರಕೆ ಹೊತ್ತು ಎಷ್ಟೋ ಕಾಲವಾಯಿತು. ಸಕ್ಕರೆ ಎಂದರೆ ಪ್ರಾಣ ಬಿಡುವ ನಮ್ಮವ್ವ ಅನ್ನದಾನಮ್ಮ ಈಗ ಬೆಲ್ಲದ ಚಹಾ ಕುಡಿದು ಮುಖ ಕಿವುಚುತ್ತಾಳೆ. ಪ್ರತಿ ಗುಟುಕಿಗೂ ನನ್ನನ್ನು ನೋಡಿಯೇ ಕಿವುಚುತ್ತಾಳೆ.

17 ಏಪ್ರಿಲ್, ಮಂಗಳವಾರ

ಮ್ಯಾಚ್ ಎಂದರೆ ಕ್ರಿಕೆಟ್. ಇದನ್ನು ಹೇಳಿ ಕೂತುಕೊಳ್ಳುವುದೆಂದುಕೊಂಡಿದ್ದೆ. ಫಿರೋಜ್ ಕೇಳಿ, ಹೋದ ತಿಂಗಳು ವಿಶ್ವಕಪ್ಪಿನಲ್ಲಿ ನಮ್ಮವರು ಮಾಡಿದ ಘನಕಾರ್ಯದ ಮೇಲೆ ಆ ಶಬ್ದ ನನ್ನ ಮುಂದೆ ಎತ್ತಬೇಡ ಎಂದ. ಮೇಲೆ, ಕ್ರಿಕೆಟ್ಟಿನ ಬಗ್ಗೆ ಮಾತಾಡಲು ನೀನೆಂಥ ಆಟಗಾರ ಎಂದು ಹಂಗಿಸಿದ. ಮೇಷ್ಟ್ರುಗಳ ತಂಡದಲ್ಲಿ ನನ್ನ ಹೆಸರು ‘ತೂತುಗೈ’. ಹುಲ್ಲಿನ ಮೇಲೆ ಉರುಳಿ ಬರುವ ಚೆಂಡು ನನಗೆ ಕಾಲ ಹತ್ತಿರ ಬಂದಾಗಲೇ ಕಾಣುವುದು. ಕೈ ಚಾಚುವಷ್ಟರಲ್ಲಿ ಅದು ಬೌಂಡರಿಯಲ್ಲಿ ಇರುತ್ತದೆ. ನನ್ನ ಕೈಯ ಗ್ರಹಚಾರ, ಏನು ಮಾಡುವುದು.

ಎರಡನೆಯದು ಕಡ್ಡಿಪೆಟ್ಟಿಗೆ. ಮ್ಯಾಚ್ ಬಾಕ್ಸ್. ಚೆಂಡಾಟಕ್ಕೂ ಬೆಂಕಿಕಡ್ಡಿಗೂ ಏನು ನಂಟು ಎಂದು ಯೋಚಿಸುತ್ತ ಬಸ್‌ಸ್ಟ್ಯಾಂಡಿಗೆ ಬರುವಾಗ ಒಂದು ಬೋರ್ಡು ಕಂಡಿತು. ‘ಹಾಲೇಶ್ವರ ಮ್ಯಾಚಿಂಗ್ ಸೆಂಟರ್. ಇಲ್ಲಿ ಸೀರೆಗೆ ಫಾಲ್ಸ್, ಪಿಕೋ ಮಾಡಿಕೊಡಲಾಗುವುದು.’ ಹತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡುತ್ತಿದ್ದೇನೆ, ಇವತ್ತು ಓದಿದೆ. ಬಾಯಿ ತೆರೆದು ನಿಂತು ಓದುವಷ್ಟರಲ್ಲಿ ತೆಲಿಗಿಯ ಬಸ್ಸು ನನ್ನ ಮುಂದೆಯೇ ಹೊರಟುಹೋಯಿತು.

18 ಏಪ್ರಿಲ್, ಬುಧವಾರ

ಯುಗಾದಿಗೆ ಅವ್ವನಿಗೆ ತಂದ ಸೀರೆಗೆ ರವಿಕೆಯ ಬಟ್ಟೆ ತರುವುದು ಬಾಕಿ ಇತ್ತು. ಅದೇ ನೆಪ ಸಾಕೆಂದು ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋದೆ. ನೆಲದಿಂದ ಮಾಳಿಗೆಯ ತನಕ ಬರೀ ರವಿಕೆ ಬಟ್ಟೆ. ಬಾಗಿಲ ಹತ್ತಿರ ಸೀರೆಯ ಅಂಚು ಹೊಲಿಯುವ ಪಿಕೋ ಮೆಷಿನ್ನಿನ ಮುಂದೆ ಹಾಲೇಶಪ್ಪ ಎಂಬ ಹಿರಿಯರು. ಗಲ್ಲಾದ ಹಿಂದೆ ಅವರ ಮಗಳು ನಾಗರತ್ನ, ಕಂದು ಬಣ್ಣದ ಸೀರೆ, ಬಿಳಿ ಹರಳಿನ ಮೂಗುತಿ. ಮಾತಾಡುವುದಕ್ಕೆ ಮೊದಲೇ ನಗುತ್ತಾಳೆ. ನಿಮ್ಮ ಅಂಗಡಿಗೆ ಮ್ಯಾಚಿಂಗ್ ಸೆಂಟರ್ ಎಂದು ಯಾಕೆ ಹೆಸರು ಎಂದು ಕೇಳಿದ್ದಕ್ಕೆ, ಪುರಸಭೆಯಿಂದ ಬಂದೀರೇನು ಎಂದು ಕೇಳಿದಳು. ಇಲ್ಲ, ಒಂದನೇ ತರಗತಿ ಮೇಷ್ಟ್ರು ಎಂದೆ. ಒಂಟಿಯಾಗಿ ಬಂದದ್ದಕ್ಕೆ ಜೋಡಿ ಹುಡುಕಿ ಕೊಡುತ್ತೇವೆ, ಅಷ್ಟೇ ನಮ್ಮ ಕೆಲಸ ಎಂದಳು.

ಜೋಡಿ ಹುಡುಕುವುದೇನು ದೊಡ್ಡ ವಿದ್ಯೆಯೇ ಎಂದು ನಾನೇ ಸಾಲಿನಿಂದ ಒಂದು ಬಟ್ಟೆ ಎಳೆದು ಇದನ್ನೇ ಕತ್ತರಿಸಿ ಎಂದೆ. ಅವಳು ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಸೀರೆಯ ಸೆರಗನ್ನೂ ಬಟ್ಟೆಯನ್ನೂ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿಗೆ ಇಳಿದಳು.

“ಟ್ಯೂಬ್‌ಲೈಟ್ ನಂಬಬ್ಯಾಡ್ರಿ ಮೇಷ್ಟ್ರೇ. ಅದು ಎಲ್ಲಾರಿಗೂ ಸುಳ್ಳು ಹೇಳತೈತಿ. ಬಿಸಿಲಿಗೆ ಹಿಡಿದು ನೋಡ್ರಿ.”

ಬಿಸಿಲಿಗೆ ಹಿಡಿದು ನೋಡಿದೆ. ಟ್ಯೂಬ್‌ಲೈಟಿನಲ್ಲಿ ಹೇಗಿತ್ತೋ ಹಾಗೇ ಇತ್ತು, ಎರಡೂ ಒಂದೇ. ಅದನ್ನೇ ಹೇಳಿದೆ. ಅವಳು ಒಳಗೆ ಹೋಗಿ ಬೇರೆಯದನ್ನೇ ಕತ್ತರಿಸಿ ಕೊಟ್ಟಳು. ಗಿರಾಕಿಯ ಮಾತಿಗೆ ಬೆಲೆಯೇ ಇಲ್ಲ. ಅವ್ವ ಮಾತ್ರ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಸವರಿ, ಈ ಸಲ ಭಾಳ ಚೆಂದ ತಂದೀಯಪ್ಪ ಎಂದಳು. ಹಿಂದಿನ ಸಲಗಳಲ್ಲಿ ಏನಾಗಿತ್ತೋ, ನಾನು ಕೇಳಲಿಲ್ಲ.

21 ಏಪ್ರಿಲ್, ಶನಿವಾರ

ನಮ್ಮ ತರಬೇತಿ ನಡೆಯುವ ಕಾಲೇಜಿನ ಲೈಬ್ರರಿಯಲ್ಲಿ ದಿಂಬಿನಷ್ಟು ದಪ್ಪದ ನಿಘಂಟು ಇದೆ. ಅದರಲ್ಲಿ ಮ್ಯಾಚ್ ಒಂದಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ಮನೆತನ. ಮೊದಲನೆಯದು ಹಳೆಯ ಇಂಗ್ಲಿಷಿನದು, ಆ ಕಾಲದಲ್ಲಿ ಅದಕ್ಕೆ ಜೊತೆಗಾರ, ಜೋಡಿಯಲ್ಲಿ ಒಂದು ಎಂಬ ಅರ್ಥವಂತೆ. ಜೊತೆಗಾರ ಎಂದ ಮೇಲೆ ಸರಿಸಮ, ಸರಿಸಮರು ಎದುರಾದರೆ ಪಂದ್ಯ. ಹೀಗೆ ಕ್ರಿಕೆಟ್ಟೂ ರವಿಕೆ ಬಟ್ಟೆಯೂ ಒಂದೇ ತಾಯಿಯ ಮಕ್ಕಳು. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಮದುವೆಯ ಸಂಬಂಧ ಎಂದೂ ಒಂದು ಅರ್ಥ ಕೊಟ್ಟಿದ್ದಾರೆ. ಅದು ಮಕ್ಕಳಿಗೆ ಬೇಡ, ಬಿಟ್ಟೆ. ಎರಡನೆಯ ಮ್ಯಾಚಿನ ಪುಟಕ್ಕೆ ಬರುವಷ್ಟರಲ್ಲಿ ಲೈಬ್ರರಿ ಬಾಗಿಲು ಹಾಕಿದರು.

ಇದನ್ನು ನಾಗರತ್ನ ಅವರಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎನಿಸಿತು, ಅವರ ಅಂಗಡಿಯ ವಿಷಯವಲ್ಲವೇ. ಹೋಗಿ ಹೇಳಿದೆ. ನಮ್ಮ ಅಂಗಡಿ ಇಷ್ಟು ಹಳೇದು ಅಂತ ಅಪ್ಪಗೂ ಗೊತ್ತಿರಲಿಲ್ಲ ಎಂದು ನಕ್ಕಳು. ಅಂಗಡಿಯ ಹಿಂದೆ ಪರದೆ ಕಟ್ಟಿ ಒಂದು ಸ್ಟೋವ್ ಇಟ್ಟುಕೊಂಡಿದ್ದಾರೆ, ಅಲ್ಲೇ ಚಹಾ ಕಾಸಿ ಕೊಟ್ಟಳು. ಇವತ್ತೂ ಕಂದು ಸೀರೆ. ಬರಿಗೈಯಲ್ಲಿ ಎದ್ದು ಬರಲು ಆಗದೆ ಕರಿ ದಾರದ ಉಂಡೆ ಕೊಂಡೆ. ನನಗೆ ಹೊಲಿಗೆ ಬರುವುದಿಲ್ಲ.

24 ಏಪ್ರಿಲ್, ಮಂಗಳವಾರ

ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಏನಾಯಿತೆಂದರೆ, ನಾಗರತ್ನ ಸ್ಟೂಲಿನ ಮೇಲೆ ನಿಂತು ಮೇಲಿನ ಸಾಲು ಜೋಡಿಸುತ್ತಿದ್ದಳು. ಡ್ರಾಯರಿನಿಂದ ಹಸಿರು ದಾರದ ಉಂಡೆ ಕೊಡಿ ಎಂದಳು. ಕೊಟ್ಟೆ. ಇದಲ್ಲ, ಹಸಿರು ಎಂದಳು. ಇನ್ನೊಂದು ಕೊಟ್ಟೆ. ಅವಳು ಕೆಳಗಿಳಿದು ನನ್ನೆದುರು ನಿಂತು, ನಾನು ಉಟ್ಟ ಸೀರೆ ಯಾವ ಬಣ್ಣದ್ದು ಎಂದು ಕೇಳಿದಳು. ಕಂದು, ಮೊನ್ನೆಯೂ ಕಂದು, ಅದರ ಹಿಂದಿನ ಸಲವೂ ಕಂದು ಎಂದೆ. ಅಷ್ಟು ನೋಡಿ ಇಟ್ಟುಕೊಂಡಿದ್ದೇನೆ ಎಂದು ಒಳಗೊಳಗೆ ಜಂಬವೂ ಆಯಿತು. ಅವಳು ಹಾಲೇಶಪ್ಪನವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ಮೇಷ್ಟ್ರೇ, ಸಿಟ್ಟಾಗಬ್ಯಾಡ್ರಿ. ಇದು ಹಸಿರು. ಮೊನ್ನೇದೂ ಹಸಿರೇ. ನಿಮ್ಮ ಕಣ್ಣಿಗೆ ಹಸಿರು, ಕೆಂಪು, ಕಂದು ಬ್ಯಾರೆ ಬ್ಯಾರೆ ಕಾಣಂಗಿಲ್ಲ ಅನಸ್ತೈತಿ.”

ಸಿಟ್ಟಾಗಬೇಡಿ ಎಂದಳಲ್ಲ, ಅದಕ್ಕೇ ಸಿಟ್ಟು ಬಂತು. ಎದ್ದು ಬಂದುಬಿಟ್ಟೆ. ಛತ್ರಿ ಅಲ್ಲೇ ಉಳಿಯಿತು. ಉಳಿಯಲಿ.

25 ಏಪ್ರಿಲ್, ಬುಧವಾರ

ಸುಳ್ಳು. ಶುದ್ಧ ಸುಳ್ಳು. ಬಣ್ಣ ಗೊತ್ತಿಲ್ಲದವನು ಮೇಷ್ಟ್ರಾಗುತ್ತಾನೆಯೇ. ಎಲೆ ಹಸಿರು, ದಾಸವಾಳ ಕೆಂಪು, ನಾನೇ ಬೋರ್ಡಿನ ಮೇಲೆ ಬರೆದಿದ್ದೇನೆ.

26 ಏಪ್ರಿಲ್, ಗುರುವಾರ

ಫಿರೋಜನಿಗೆ ಹೇಳಿದೆ, ಅವಳು ಹೀಗೆ ಅಂದಳು, ಎಂಥ ಹುಚ್ಚು ನೋಡು ಎಂದು. ಅವನು ನಗಲಿಲ್ಲ. ಊಟದ ಬಿಡುವಿನಲ್ಲಿ ಮೈದಾನದ ನೀರಿನ ಟ್ಯಾಂಕಿನ ಹತ್ತಿರ, ಸ್ವಲ್ಪ ಹುಲ್ಲು ಹಸಿರಾಗಿರುವ ಕಡೆ ಕರೆದುಕೊಂಡು ಹೋಗಿ, ಕೆಂಪು ಚೆಂಡನ್ನು ಎಸೆದು ಹುಡುಕು ಎಂದ. ನಾನು ಹುಡುಕಿದೆ. ಬಗ್ಗಿ ಹುಡುಕಿದೆ, ಕೂತು ಹುಡುಕಿದೆ. ಕೊನೆಗೆ ಅದರ ಮೇಲೆಯೇ ಕಾಲಿಟ್ಟು ಜಾರಿ ಬಿದ್ದೆ. ಆಮೇಲೆ ಹಳದಿ ಟೆನಿಸ್ ಚೆಂಡು ಎಸೆದ. ಆಚೆ ತುದಿಗೆ ಉರುಳಿದರೂ ಕಂಡಿತು.

ಫಿರೋಜ್ ಹುಲ್ಲಿನ ಮೇಲೆ ಕೂತುಬಿಟ್ಟ. “ಲೇ ಪಾಲಾಕ್ಷ, ಇಷ್ಟು ವರ್ಷ ನಿನ್ನ ಕೈಗೆ ಬೈದ್ವಲ್ಲೋ. ತಪ್ಪು ಕೈದಲ್ಲ, ಕಣ್ಣಿಂದು. ಮಾಫ್ ಮಾಡು ದೋಸ್ತ್.”

ಅಳಬೇಕಿತ್ತೋ ಏನೋ, ನನಗೆ ಬಂದದ್ದು ನಗು. ನನ್ನ ಕೈಯಲ್ಲಿ ಏನೂ ಊನವಿಲ್ಲ. ಈ ಎರಡು ಕೈಗಳು ಅಪ್ಪಟ ಆಟಗಾರನ ಕೈಗಳು. ಬಸ್ಸಿನಲ್ಲಿ ತೆಲಿಗಿಯ ತನಕ ಅವನ್ನೇ ತಿರುವಿ ಮುರುವಿ ನೋಡುತ್ತ ಬಂದೆ. ಪಕ್ಕದ ಸೀಟಿನ ಮುದುಕ, ಹಸ್ತರೇಖೆ ನೋಡಲು ಬರುತ್ತದೆ ಎಂದುಕೊಂಡು ತನ್ನ ಕೈಯನ್ನೂ ಚಾಚಿದ.

27 ಏಪ್ರಿಲ್, ಶುಕ್ರವಾರ

ನಗು ಬೆಳಗಿನ ತನಕವೂ ಬಾಳಲಿಲ್ಲ. ಎದ್ದ ತಕ್ಷಣ ಅವ್ವನ ರವಿಕೆಗಳು ನೆನಪಾದವು. ಕೆಲಸ ಸಿಕ್ಕಾಗಿನಿಂದ ಪ್ರತಿ ಯುಗಾದಿಗೂ ಸೀರೆ, ಅದಕ್ಕೆ ನಾನೇ ಆರಿಸಿದ ರವಿಕೆ ಬಟ್ಟೆ. ಟ್ರಂಕು ತೆರೆದು ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಇವು ಸರಿ ಇದ್ದಾವಾ ಹೇಳು ಎಂದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬರಲೇ ಇಲ್ಲ. ಒಂದೂ ಸರಿ ಇರಲಿಲ್ಲ ಎಂದು ಅಲ್ಲಿಂದಲೇ ಹೇಳಿದಳು, ಹೊಸದಾಗಿ ತಂದದ್ದೊಂದನ್ನು ಬಿಟ್ಟು.

ಹತ್ತು ವರ್ಷ ಇವನ್ನೇ ತೊಟ್ಟು ಮದುವೆ, ಮುಂಜಿ, ಸಂತೆ ಎಂದು ತಿರುಗಾಡಿದ್ದಾಳೆ. ಯಾರಾದರೂ ಕೇಳಿದರೆ, ಈಗ ಪ್ಯಾಟಿ ಕಡೆ ಹಿಂಗ ತೊಡ್ತಾರ ಎಂದಿದ್ದಾಳೆ. ಯಾಕವ್ವ ಹೇಳಲಿಲ್ಲ ಎಂದು ಕೇಳಿದೆ.

“ನೀ ಸಣ್ಣಾಂವ ಇದ್ದಾಗಿಂದ ಗೊತ್ತೈತಪ್ಪ ನನಗ. ಹಣ್ಣು ಯಾವುದು ಕಾಯಿ ಯಾವುದು ಅಂತ ಹಿಚುಕಿ ನೋಡ್ತಿದ್ದಿ. ಹೊರಗ ಹೇಳಿದ್ರ ಹುಡುಗನ ಕಣ್ಣು ಸರಿ ಇಲ್ಲ ಅಂತಾರ, ಹೆಣ್ಣು ಕೊಡಂಗಿಲ್ಲ. ಈಗೂ ಬಾಯಿ ಬಿಡಬ್ಯಾಡ. ಕೊಟ್ಟೂರಿನವ್ರಿಗೆ ತಿಳಿದ್ರ ಇದೂ ತಪ್ಪಿತು.”

ಆಯಿತು ಎಂದು ಮಾತು ಕೊಟ್ಟೆ. ಅವಳ ಬೆಲ್ಲದ ಚಹಾ ನಾನೇ ಕಾಸಿ ಕೊಟ್ಟೆ.

30 ಏಪ್ರಿಲ್, ಸೋಮವಾರ

ಛತ್ರಿ ತರಲು ಹೋಗಲೇಬೇಕಾಯಿತು. ಏಪ್ರಿಲ್‌ನಲ್ಲಿ ಮಳೆ ಬರುವುದಿಲ್ಲ, ಆದರೂ ಛತ್ರಿ ಛತ್ರಿಯೇ. ನಾಗರತ್ನ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ನೀವು ಹೇಳಿದ್ದು ನಿಜ ಎಂದೆ. ಅವಳು, ನಾನೂ ಹಾಗೆ ಮುಖಕ್ಕೆ ಹೊಡೆದಂತೆ ಹೇಳಬಾರದಿತ್ತು ಎಂದಳು. ಸುಮ್ಮನಿರುವುದು ನನ್ನಿಂದ ಆಗದ ಕೆಲಸ, ಅದಕ್ಕೆ ನಿಘಂಟಿನಲ್ಲಿ ಸಿಕ್ಕ ಎರಡನೆಯ ಮ್ಯಾಚಿನ ಕಥೆ ಶುರು ಮಾಡಿದೆ.

ಬೆಂಕಿಕಡ್ಡಿಯ ಮ್ಯಾಚ್ ಇಂಗ್ಲಿಷಿನ ಮನೆಮಗಳೇ ಅಲ್ಲ, ಫ್ರೆಂಚರ ಮನೆಯಿಂದ ಬಂದ ಸೊಸೆ. ಅಲ್ಲಿ ಅದಕ್ಕೆ ದೀಪದ ಬತ್ತಿ ಎಂಬ ಅರ್ಥ. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್, ಗ್ರೀಕ್. ಆ ಗ್ರೀಕ್ ಶಬ್ದಕ್ಕೆ ಮೂಗಿನ ಸಿಂಬಳ ಎಂಬ ಅರ್ಥ. ದೀಪದ ಮೂತಿಯಿಂದ ಬತ್ತಿ ಇಳಿಬಿದ್ದದ್ದನ್ನು ಕಂಡು ಹಾಗೆ ಕರೆದಿರಬಹುದಂತೆ. ಇಷ್ಟು ಹೇಳುವಷ್ಟರಲ್ಲಿ ನಾಗರತ್ನ ಗಲ್ಲಾದ ಮೇಲೆ ತಲೆ ಇಟ್ಟು ನಗುತ್ತಿದ್ದಳು. ಹಾಲೇಶಪ್ಪನವರ ಮೆಷಿನ್ನೂ ನಿಂತಿತು. ನನ್ನ ಒಂದನೇ ತರಗತಿಯಲ್ಲಿ ಎಷ್ಟು ಮ್ಯಾಚುಗಳು ಸುರಿಯುತ್ತವೆ ಎಂದು ಹೇಳಿದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅವಳು ಬಣ್ಣ ಕಲಿಸುತ್ತೇನೆ ಎಂದು ಕೂರಿಸಿಕೊಂಡಳು. ಕಾಣುವುದಿಲ್ಲವಾದರೆ ಜಾಗ ನೆನಪಿಡಿ ಎಂದಳು. ಎಡಗಡೆ ಮೇಲಿನ ಸಾಲು ಹಸಿರು, ಅದರ ಕೆಳಗೆ ಕಂದು, ಬಾಗಿಲ ಹತ್ತಿರ ಕೆಂಪು. ನಾನು ಬಾಯಿಪಾಠ ಮಾಡಿದೆ, ತಪ್ಪಿದರೆ ಇಂಚುಪಟ್ಟಿಯಿಂದ ಮೇಜು ಬಡಿದಳು. ಅವ್ವನ ಹರಕೆಯನ್ನೂ ಬೆಲ್ಲದ ಚಹಾವನ್ನೂ, ಆ ಮುಖ ಕಿವುಚುವುದನ್ನೂ ಮಾಡಿ ತೋರಿಸಿದೆ. ಪಾಪ, ನಿಮಗಾಗಿ ಎಷ್ಟು ಕಷ್ಟ ಪಡ್ತಾರ ಎಂದಳು. ಅವಳೂ ಬಂದ ಸಂಬಂಧಗಳನ್ನೆಲ್ಲ ವಾಪಸ್ಸು ಕಳಿಸಿದ್ದಾಳಂತೆ. ಅವ್ವ ಇಲ್ಲ, ಅಪ್ಪನನ್ನೂ ಅಂಗಡಿಯನ್ನೂ ಬಿಟ್ಟು ದೂರ ಹೋಗುವುದಿಲ್ಲ ಎಂದು.

ಇವತ್ತು ಅವಳು ಉಟ್ಟದ್ದು ನೇರಳೆ. ಕೇಳಿ ಬರೆದಿದ್ದೇನೆ.

3 ಮೇ, ಗುರುವಾರ

ಗೆದ್ದೆ.

ಬೆಂಕಿಪೆಟ್ಟಿಗೆ ಹಿಡಿದು ಎದ್ದು ನಿಂತೆ, ಒಂದು ಕಡ್ಡಿ ಗೀರಿದೆ, ಇದರೊಳಗೆ ಒಂದು ದೀಪದ ಬತ್ತಿ ಅಡಗಿದೆ ಎಂದು ಶುರು ಮಾಡಿದೆ. ಸಿಂಬಳಕ್ಕೆ ಬಂದಾಗ ಹಿಂದಿನ ಬೆಂಚಿನವರೂ ಎಚ್ಚರಾದರು. ಜೊತೆಗಾರ, ಸರಿಸಮ, ಪಂದ್ಯ ಎಲ್ಲ ಹೇಳಿದೆ. ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದಕ್ಕೆ ಮ್ಯಾಚಿಂಗ್ ಸೆಂಟರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ನಾಗರತ್ನ ಅವರು ಸೆರಗನ್ನು ಹೇಗೆ ಹಿಡಿಯುತ್ತಾರೆ, ಮೆಟ್ಟಿಲಿಗೆ ಹೇಗೆ ಇಳಿಯುತ್ತಾರೆ, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ಹೇಗೆ ನೋಡುತ್ತಾರೆ, ಎಲ್ಲವನ್ನೂ ವಿವರವಾಗಿ ಹೇಳಿದೆ. ಹತ್ತು ನಿಮಿಷ ಕೊಟ್ಟಿದ್ದರು, ಗಂಟೆ ಹೊಡೆದರೂ ನನಗೆ ಕೇಳಿಸಲಿಲ್ಲವಂತೆ.

ಶಿವಬಸಮ್ಮ ಮೇಡಂ ಬಹಳ ಚೆನ್ನಾಗಿತ್ತು ಎಂದು ಹೊಗಳಿ, ನಿಘಂಟಿನಲ್ಲಿ ಇನ್ನೊಂದು ಅರ್ಥವಿದೆಯಲ್ಲ, ಅದನ್ನು ಯಾಕೆ ಬಿಟ್ಟಿರಿ ಎಂದು ಕನ್ನಡಕದ ಮೇಲಿಂದ ನೋಡಿದರು. ಅದು ಮಕ್ಕಳಿಗೆ ಬೇಡವೆಂದು ಬಿಟ್ಟೆ ಎಂದೆ. ಇಡೀ ಕೋಣೆ ನಕ್ಕಿತು. ಫಿರೋಜ್ ಬೆಂಚು ಬಡಿದ. ಯಾಕೆ ನಕ್ಕರೋ ಯಾರೂ ಹೇಳಲಿಲ್ಲ. ಒಳ್ಳೆಯ ಸುದ್ದಿ ತಿಳಿಸಲು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಓಡಿದೆ. ಓಡುವ ಅವಸರವೇನೂ ಇರಲಿಲ್ಲ, ಅಂಗಡಿ ಕತ್ತಲಾಗುವ ತನಕ ತೆರೆದಿರುತ್ತದೆ.

5 ಮೇ, ಶನಿವಾರ

ಕೊಟ್ಟೂರಿನ ಹುಡುಗಿಗೆಂದು ಅವ್ವ ತಾನೇ ಸೀರೆ ಆರಿಸಿದ್ದಾಳೆ. ಆ ಚೆಂದದ ಬಟ್ಟೆ ಕೊಟ್ಟ ಅಂಗಡಿಯಲ್ಲೇ ಇದಕ್ಕೂ ರವಿಕೆ ಬಟ್ಟೆ ತಾ ಎಂದು ಕಳಿಸಿದಳು. ನಾಗರತ್ನ ಸೀರೆ ಬಿಡಿಸಿ, ಯಾರಿಗೆ ಎಂದು ಕೇಳಿದಳು. ನಾಳೆ ಕೊಟ್ಟೂರಿಗೆ ನೋಡಲು ಹೋಗುವ ಹೆಣ್ಣಿಗೆ ಎಂದೆ.

ಸೆರಗು ಹಿಡಿದು ಮೆಟ್ಟಿಲಿಗೆ ಹೋದಳು. ಬಿಸಿಲಿನಲ್ಲಿ ಬಹಳ ಹೊತ್ತು ನಿಂತಳು, ಇಷ್ಟು ಹೊತ್ತು ಯಾವತ್ತೂ ನಿಂತವಳಲ್ಲ. ಒಳಗೆ ಬಂದು ಒಂದೇ ಸಲಕ್ಕೆ ಬಟ್ಟೆ ತೆಗೆದು ಕತ್ತರಿಸಿದಳು, ಕಾಗದದಲ್ಲಿ ಕಟ್ಟಿದಳು. ಸರಿಯಾದ ಜೋಡಿ ಕೊಟ್ಟೀನಿ, ನಾಳೆ ಯಾರೂ ತಪ್ಪು ಹುಡುಕಂಗಿಲ್ಲ ಎಂದಳು. ನಗಲಿಲ್ಲ. ಚಹಾ ಕಾಸಲಿಲ್ಲ. ಯಾವ ಬಣ್ಣ ಉಟ್ಟಿದ್ದೀರಿ ಎಂದು ಕೇಳಬೇಕೆಂದಿದ್ದೆ, ಕೇಳುವ ಹಾಗಿರಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಬಿಸಿಲು ಜಾಸ್ತಿ ಈ ವರ್ಷ.

6 ಮೇ, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನಾಳೆ ನನಗೇ ನಂಬಿಕೆ ಬರಬೇಕಲ್ಲ.

ಕೊಟ್ಟೂರಿನ ಮನೆಯವರು ಒಳ್ಳೆಯ ಜನ. ಹುಡುಗಿ ಅವಲಕ್ಕಿ ತಂದಿಟ್ಟಳು. ಹಿರಿಯರು ನೀವಿಬ್ಬರೇ ಸ್ವಲ್ಪ ಮಾತಾಡಿ ಎಂದು ಹಿತ್ತಲಿಗೆ ಕಳಿಸಿದರು. ಬೇವಿನ ಮರದ ಕೆಳಗೆ ಎರಡು ಕುರ್ಚಿ. ರಜೆಯಲ್ಲಿ ಏನು ಮಾಡಿದಿರಿ ಎಂದು ಅವಳು ಕೇಳಿದಳು. ಕೇಳಬಾರದಿತ್ತು. ನಾನು ಚೀಟಿ ಎತ್ತಿದ್ದರಿಂದ ಶುರು ಮಾಡಿದವನು ಮ್ಯಾಚಿಂಗ್ ಸೆಂಟರಿಗೆ ಬಂದೆ, ಟ್ಯೂಬ್‌ಲೈಟಿಗೆ ಬಂದೆ, ಬಿಸಿಲಿಗೆ ಬಂದೆ. ಅವ್ವನಿಗೆ ಕೊಟ್ಟ ಮಾತು ಮರೆತು ನನಗೆ ಕೆಂಪು ಹಸಿರು ಕಾಣುವುದಿಲ್ಲ ಎಂದೂ ಹೇಳಿಬಿಟ್ಟೆ. ಇಂಚುಪಟ್ಟಿ, ದಾರದ ಉಂಡೆ, ಬಟ್ಟೆಯಲ್ಲಿ ಸುತ್ತಿಟ್ಟ ಛತ್ರಿ, ಏನೂ ಬಿಡಲಿಲ್ಲ. ಹುಡುಗಿ ಗಲ್ಲಕ್ಕೆ ಕೈಕೊಟ್ಟು ಪೂರಾ ಕೇಳಿದಳು. ಆಮೇಲೆ ಹೇಳಿದಳು.

“ಸರ್, ನೀವು ಹೆಣ್ಣು ನೋಡಾಕ ಬಂದೀರಿ. ನನ್ನ ಹೆಸರು ಇನ್ನೂ ಕೇಳಿಲ್ಲ. ನಾಗರತ್ನ ಯಾರು, ಹೆಂಗ ನಗ್ತಾರ, ಯಾವತ್ತು ಯಾವ ಸೀರಿ ಉಟ್ಟಿದ್ರು ಅನ್ನೋದು ಮಾತ್ರ ನನಗ ಪೂರಾ ಗೊತ್ತಾತು.”

ಬೇವಿನ ಎಲೆಯೊಂದು ನನ್ನ ತಲೆಯ ಮೇಲೆ ಬಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ನಾ ಒಲ್ಲೆ ಅಂತೀನಿ, ನೀವು ಸುಮ್ಮನಿರಿ ಎಂದಳು. ಅದು ಸರಿಯಲ್ಲ ಎನಿಸಿತು, ಅವ್ವ ಅದನ್ನು ಇನ್ನೊಂದು ತಿರಸ್ಕಾರ ಎಂದುಕೊಂಡು ಒಳಗೇ ನವೆಯುತ್ತಾಳೆ. ಕೊನೆಗೆ ನೆನಪಾಗಿ ಹೆಸರು ಕೇಳಿದೆ. ಗೀತಾ ಎಂದಳು.

ಒಳಗೆ ಹೋಗಿ ಎಲ್ಲರೆದುರು ಕೈಮುಗಿದೆ. ಗೀತಾ ಅವರಲ್ಲಿ ಯಾವ ಕೊರತೆಯೂ ಇಲ್ಲ, ತಪ್ಪು ನನ್ನದು, ನನಗೆ ಬಣ್ಣ ಕಾಣುವುದಿಲ್ಲ, ಅದೂ ಅಲ್ಲದೆ ನನ್ನ ಮನಸ್ಸು ಹರಪನಹಳ್ಳಿಯಲ್ಲಿದೆ, ಅದು ನನಗೆ ಈಗಷ್ಟೇ ಗೊತ್ತಾಯಿತು ಎಂದೆ. ಹುಡುಗಿಯ ಸೋದರಮಾವ ಅವಲಕ್ಕಿಯ ತುತ್ತನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ಕೂತಿದ್ದರು. ಅವ್ವ ಸೀರೆಯ ಚೀಲವನ್ನು ಎದೆಗೆ ಅವುಚಿಕೊಂಡು ಎದ್ದಳು.

ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ. ನನಗೆ ಒಂದು ಕಡೆ ಅವಳ ಮುಖ ನೋಡಲು ಹೆದರಿಕೆ, ಇನ್ನೊಂದು ಕಡೆ ಕಿಟಕಿಯಿಂದ ಹೊರಗೆ ತಲೆ ಹಾಕಿ ಕೂಗಬೇಕೆನ್ನುವಷ್ಟು ಖುಷಿ. ಹರಪನಹಳ್ಳಿ ಇನ್ನೇನು ಬಂತು ಎನ್ನುವಾಗ ಅವ್ವ ಕೇಳಿದಳು, ಆ ಚೆಂದದ ಬಟ್ಟೆ ಕೊಟ್ಟಾಕೇನಾ ಎಂದು. ಹೌದು ಎಂದೆ.

7 ಮೇ, ಸೋಮವಾರ

ಅವ್ವ ಇವತ್ತೂ ಬೆಲ್ಲದ ಚಹಾವನ್ನೇ ಕುಡಿದಳು. ಮುಖ ಕಿವುಚಲಿಲ್ಲ. ಅದೇ ಹೆದರಿಕೆ.

ನಾಗರತ್ನ ಒಲ್ಲೆ ಎಂದರೆ? ಬಂದವರನ್ನೆಲ್ಲ ವಾಪಸ್ಸು ಕಳಿಸಿದವಳು, ಅಪ್ಪನನ್ನೂ ಅಂಗಡಿಯನ್ನೂ ಬಿಡುವುದಿಲ್ಲ ಎಂದವಳು ಎಂದು ಅವ್ವನ ಮುಂದೆಯೂ ಗೊಣಗಿದೆ. ಶನಿವಾರ ನನ್ನ ಕೈಯಾರೆ ಇನ್ನೊಬ್ಬಳ ಸೀರೆ ಕೊಟ್ಟು ಜೋಡಿ ಕೇಳಿದ್ದೇನೆ, ಇಂಥ ಗಂಡಸನ್ನು ಯಾರು ಒಪ್ಪುತ್ತಾರೆ. ಹಸಿರು ಎಡಗಡೆ ಮೇಲೆ, ಕಂದು ಅದರ ಕೆಳಗೆ, ಕೆಂಪು ಬಾಗಿಲ ಹತ್ತಿರ. ಬೇರೇನೂ ತಲೆಯಲ್ಲಿ ನಿಲ್ಲುತ್ತಿಲ್ಲ.

10 ಮೇ, ಗುರುವಾರ

ಬೆಳಿಗ್ಗೆ ಅವ್ವ ತಲೆಗೆ ಎಣ್ಣೆ ಹಚ್ಚಿ, ಟ್ರಂಕಿನಿಂದ ಹಳೆಯ ಸೀರೆಯೊಂದನ್ನು ತೆಗೆದು ಉಟ್ಟು, ನಡಿ ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ನನ್ನ ಕಣ್ಣಿಗೆ ಅವಳು ಅಚ್ಚುಕಟ್ಟಾಗಿಯೇ ಕಂಡಳು. ಬಸ್ಸಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಿವಿದು ಅವಳ ರವಿಕೆ ತೋರಿಸುತ್ತಿದ್ದರು. ಅವ್ವ ತಲೆ ಎತ್ತಿಕೊಂಡೇ ಕೂತಿದ್ದಳು. ಇರುವುದರಲ್ಲಿ ತೀರ ಕೆಟ್ಟ ಜೋಡಿಯನ್ನೇ ಹುಡುಕಿ ತೊಟ್ಟಿದ್ದಳು ಎಂದು ಆಮೇಲೆ ತಿಳಿಯಿತು.

ಹರಪನಹಳ್ಳಿಯ ಬಜಾರದ ನಡುವೆಯೇ ನಡೆದು ಮ್ಯಾಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿದಳು. ನಾಗರತ್ನ ಅವಳ ಸೀರೆ ನೋಡಿದಳು, ರವಿಕೆ ನೋಡಿದಳು, ಆಮೇಲೆ ಹಿಂದೆ ನಿಂತ ನನ್ನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ಕೊಟ್ಟೂರಿನಲ್ಲಿ ಹೂ ಮುಡಿಸಿ ಬಂದಿರಾ ಎಂದು ಹಾಲೇಶಪ್ಪನವರು ಕೇಳಿದರು. ಅವ್ವ ಸ್ಟೂಲಿನ ಮೇಲೆ ಕೂತು, ಅಲ್ಲಿ ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ನನ್ನ ಮನಸ್ಸು ಎಲ್ಲಿದೆ ಎಂದು ನಾನು ಎಲ್ಲರೆದುರು ಹೇಳಿದ್ದನ್ನೂ. ನಾನು ಬಾಗಿಲ ಹತ್ತಿರದ ಕೆಂಪು ಬಟ್ಟೆಗಳ ಕಡೆ ತಿರುಗಿ ನಿಂತೆ. ಅವು ಕೆಂಪೇ ಎಂದು ಈಗ ಗೊತ್ತು.

“ನೋಡವ್ವ ನಾಗರತ್ನ,” ಅವ್ವ ಸೆರಗು ಸರಿಸಿ ಆ ರವಿಕೆಯ ತೋಳು ಚಾಚಿದಳು. “ಇಷ್ಟು ವರ್ಷ ಇಂವ ತಂದದ್ದ ತೊಟ್ಟೀನಿ. ಚೆಂದಿಲ್ಲ ಅಂತ ಒಂದು ದಿನ ಅಂದಿಲ್ಲ. ಇನ್ನ ಮ್ಯಾಲೆ ನೀ ನೋಡು. ತೆಲಿಗಿ ಏನು ದೂರಿಲ್ಲ, ದಿನಾ ಬಸ್ಸು ಅದಾವು. ಅಂಗಡಿ ಬಿಡಬ್ಯಾಡ, ಅಪ್ಪನ್ನೂ ಬಿಡಬ್ಯಾಡ.”

ಮೆಷಿನ್ನು ನಿಂತಿತ್ತು. ಹಾಲೇಶಪ್ಪನವರು ಮಗಳ ಮುಖವನ್ನೇ ನೋಡುತ್ತಿದ್ದರು, ಅವರ ಕೈಯಲ್ಲಿ ಯಾರದೋ ಸೀರೆಯ ಅಂಚು ಹಾಗೇ ಇತ್ತು. ನಾಗರತ್ನ ಅವ್ವನ ಸೆರಗಿನ ತುದಿ ಹಿಡಿದು ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದಳು, ಬಿಸಿಲಿಗೆ ಹಿಡಿದು ನೋಡಿದಳು, ಒಳಗೆ ಬಂದು ಬಟ್ಟೆ ಕತ್ತರಿಸಿ ಅವ್ವನ ಮಡಿಲಲ್ಲಿ ಇಟ್ಟಳು. ಆಮೇಲೆ ಪರದೆಯ ಹಿಂದೆ ಹೋದಳು. ಸ್ಟೋವ್ ಉರಿಯುವ ಸದ್ದು ಕೇಳಿಸಿತು. ಏನಾದರೂ ಮಾತಾಡಬೇಕೆಂದು, ಅವ್ವನಿಗೆ ಸಕ್ಕರೆ ಬೇಡ ಎಂದು ಪರದೆಯ ಕಡೆ ಕೂಗಿದೆ. ಗೊತ್ತೈತಿ ಎಂದು ಒಳಗಿನಿಂದ ದನಿ ಬಂತು.

ತಟ್ಟೆಯಲ್ಲಿ ಲೋಟಗಳನ್ನು ತಂದು ಮೊದಲು ಅವ್ವನ ಕೈಗೆ ಕೊಟ್ಟಳು. ಅವ್ವ ಒಂದು ಗುಟುಕು ಕುಡಿದಳು. ಕಿವುಚಲು ಸಿದ್ಧವಾಗಿದ್ದ ಮುಖ ಅಲ್ಲೇ ನಿಂತಿತು. ಲೋಟದೊಳಗೆ ನೋಡಿದಳು, ನಾಗರತ್ನಳನ್ನು ನೋಡಿದಳು.

“ಸಕ್ಕರಿ ಹಾಕೀಯಲ್ಲವ್ವ.”

“ಹಾಕೀನ್ರಿ ಅತ್ತಿ.”

ಅವ್ವ ಅಲ್ಲೇ ಅತ್ತಳು, ಅಳುತ್ತಲೇ ಪೂರಾ ಕುಡಿದಳು, ಲೋಟ ಮುಂದೆ ಚಾಚಿ ಇನ್ನೊಂದು ಕೇಳಿದಳು. ನಾನು ನನ್ನ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡೆ. ಕಲೆ ಯಾವ ಬಣ್ಣದ್ದೆಂದು ನಾಗರತ್ನ ಹೇಳಿದಳು, ಖುಷಿಯಲ್ಲಿ ಅದು ತಲೆಗೆ ಹೋಗಲಿಲ್ಲ. ನಾಳೆ ಮತ್ತೆ ಕೇಳುತ್ತೇನೆ.